ಅರ್ಧಕ್ಕೆ ನಿಂತ ಗ್ರಿಬ್ ಫೈಲನ್ನು ಪತ್ತೆಹಚ್ಚಿ ಸರಿಪಡಿಸುವ ಬಗೆ

ಅಮೆರಿಕದ ಜಿಎಫ್‌ಎಸ್ ಹವಾಮಾನ ಮಾದರಿಯನ್ನು ದಿನಕ್ಕೆ 4 ಸಲ, ಯುಟಿಸಿ 00, 06, 12 ಮತ್ತು 18 ಗಂಟೆಗೆ, ನಡೆಸಲಾಗುತ್ತದೆ. ಇದರ ಫಲಿತಾಂಶ ಗ್ರಿಬ್2 ಎಂಬ ಹವಾಮಾನ ದತ್ತಾಂಶದ ಫೈಲ್ ರೂಪದಲ್ಲಿ ಸಿಗುತ್ತದೆ. 0.25 ಡಿಗ್ರಿ ಅಂತರದ ಒಂದೊಂದು ಫೈಲ್ ಸುಮಾರು 500 ಎಂಬಿ ತೂಗುವುದರಿಂದ, ಸಂಪರ್ಕ ಕಡಿದರೆ, ಡಿಸ್ಕ್ ತುಂಬಿದರೆ ಅಥವಾ ಸರ್ವರಿಗೆ ಫೈಲ್ ಪೂರ್ತಿ ಬರುವ ಮೊದಲೇ ನಾವು ಇಳಿಸಿಕೊಂಡರೆ ಅದು ಅರ್ಧಕ್ಕೇ ನಿಲ್ಲುತ್ತದೆ.

ಇಂಥ ಫೈಲ್ ತೆರೆದುಕೊಳ್ಳುತ್ತದೆ ಎಂಬುದೇ ದೊಡ್ಡ ತೊಂದರೆ. ಗ್ರಿಬ್ ಎಂದರೆ ಒಂದರ ಹಿಂದೊಂದು ಜೋಡಿಸಿದ ಸ್ವತಂತ್ರ ಸಂದೇಶಗಳ ಸಾಲು; ಕೊನೆಯವು ಇಲ್ಲದಿದ್ದರೂ ಮೊದಲಿನವನ್ನು ಓದಬಹುದು. ಜಿಎಫ್‌ಎಸ್‌ನಲ್ಲಿ ಸಮುದ್ರಮಟ್ಟದ ಒತ್ತಡ ಆರಂಭದಲ್ಲೇ ಇದ್ದು, ಮಳೆಯ ಪ್ರಮಾಣ ಬಹಳ ಕೆಳಗೆ ಬರುತ್ತದೆ. ಒತ್ತಡದ ನಕ್ಷೆ ಸರಿಯಾಗಿ ಮೂಡಿದ್ದನ್ನು ನಂಬಿ, ಮಳೆಯ ನಕ್ಷೆ ಏಕೆ ಬರಲಿಲ್ಲವೆಂದು ನನ್ನ ಸ್ಕ್ರಿಪ್ಟಿನಲ್ಲಿ ಅರ್ಧ ದಿನ ಹುಡುಕಿದ ಮೇಲೆ ನನಗಿದು ಅರಿವಾಯಿತು.

ಮೊದಲು ಗಾತ್ರ ನೋಡಿ. ಕೆಲವೇ ಕೆಬಿ ಇದ್ದರೆ ಅದು ಬಹುಶಃ ಸರ್ವರ್ ಕಳಿಸಿದ ದೋಷದ ಪುಟ; ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ತಿಳಿಯುತ್ತದೆ. ಗಾತ್ರ ದೊಡ್ಡದಿದ್ದರೆ ಟೈಲ್ ಕಮಾಂಡಿನಿಂದ ಕೊನೆಯ 4 ಬೈಟ್ ಓದಿ. ಪ್ರತಿ ಸಂದೇಶವೂ ಜಿ, ಆರ್, ಐ, ಬಿ ಎಂಬ 4 ಅಕ್ಷರಗಳಿಂದ ಶುರುವಾಗಿ 7777 ಎಂಬ ಅಂಕಿಗಳಲ್ಲಿ ಮುಗಿಯಬೇಕು. ಅವು ಕಾಣದಿದ್ದರೆ ಕೊನೆಯ ಸಂದೇಶ ತುಂಡಾಗಿದೆ ಎಂದರ್ಥ. ಆದರೆ 7777 ಕಂಡಿತೆಂದು ನಿಶ್ಚಿಂತರಾಗಬೇಡಿ, ಏಕೆಂದರೆ ಫೈಲ್ ಎರಡು ಸಂದೇಶಗಳ ನಡುವೆಯೇ ಕಡಿದಿದ್ದರೂ ಅದೇ ಅಂಕಿ ಕಾಣುತ್ತದೆ. ಅದಕ್ಕಾಗಿ ಗ್ರಿಬ್2 ಫೈಲ್ ಓದುವ ಡಬ್ಲ್ಯುಗ್ರಿಬ್2 ಎಂಬ ತಂತ್ರಾಂಶ ಕೊಡುವ ಸಂದೇಶಗಳ ಪಟ್ಟಿಯನ್ನು, ಸರ್ವರಿನಲ್ಲಿ ಜೊತೆಗೇ ಇರುವ ಐಡಿಎಕ್ಸ್ ಎಂಬ ಸೂಚಿ ಫೈಲಿನ ಸಾಲುಗಳೊಂದಿಗೆ ಹೋಲಿಸಿ ನೋಡುವುದು ನನಗೆ ಅತಿ ನಂಬಿಕೆಯ ಪರೀಕ್ಷೆ.

ಇರುವ ಭಾಗ ಶುದ್ಧವಾಗಿದ್ದರೆ ಫೈಲ್ ಇಳಿಸುವ ಕರ್ಲ್ ಕಮಾಂಡಿನ ಮುಂದುವರಿಸುವ ಆಯ್ಕೆ ಬಳಸಿ ಉಳಿದದ್ದನ್ನು ಮಾತ್ರ ತರಿಸಬಹುದು. ಮಳೆಯಂಥ ಒಂದೇ ಅಂಶ ಸಾಕಾದರೆ, ಐಡಿಎಕ್ಸ್‌ನಲ್ಲಿ ಅದರ ಆರಂಭದ ಬೈಟ್ ಹಾಗೂ ಮುಂದಿನ ಸಂದೇಶದ ಆರಂಭದ ಬೈಟ್ ನೋಡಿ, ಅಷ್ಟನ್ನೇ ಇಳಿಸಿಕೊಳ್ಳಿ. ಮೂಲ ಫೈಲ್ ಸರ್ವರಿನಿಂದ ಹೋಗಿಬಿಟ್ಟಿದ್ದರೆ, ತುಂಡಾದ ಸಂದೇಶ ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗಿನದನ್ನು ಹೆಡ್ ಕಮಾಂಡಿನಿಂದ ಬೇರೆ ಫೈಲಿಗೆ ತೆಗೆದಿಡಿ. ಅಷ್ಟು ಭಾಗ ಬಳಕೆಗೆ ಯೋಗ್ಯವೇ.

ಇನ್ನು ಮುಂದೆ ತಾತ್ಕಾಲಿಕ ಹೆಸರಿನಲ್ಲಿ ಇಳಿಸಿ, ಈ ಪರೀಕ್ಷೆಗಳು ಮುಗಿದ ಮೇಲಷ್ಟೇ ನಿಜ ಹೆಸರು ಕೊಡಿ. ಆಗ ನಿಮ್ಮ ಮುಂದಿನ ಸ್ಕ್ರಿಪ್ಟುಗಳ ಕಣ್ಣಿಗೆ ಅರ್ಧ ಫೈಲ್ ಬೀಳುವುದೇ ಇಲ್ಲ.