ಮರಿಗೆ ಬೈಯುವ ಮೊದಲು ಗಡಿಯಾರ ನೋಡಿ

ಕಳೆದ ವಾರ ಮಂಗಳೂರಿನ ಕದ್ರಿಯಲ್ಲಿರುವ ತಂಗಿ ಮಗನ ಫ್ಲ್ಯಾಟಿಗೆ ಹೋಗಿದ್ದೆ. 2 ತಿಂಗಳ ಲ್ಯಾಬ್ರಡಾರ್ ಮರಿ ತಂದಿದ್ದಾನೆ. ನಾನು ಚಪ್ಪಲಿ ಬಿಚ್ಚುವಷ್ಟರಲ್ಲಿ ಕಂಡದ್ದೇನು? ಮರಿಯ ಕುತ್ತಿಗೆ ಹಿಡಿದು, ಅದು ಹೊಯ್ದ ಉಚ್ಚೆಗೇ ಅದರ ಮೂತಿ ಒತ್ತುತ್ತಿದ್ದ. ಇನ್ನೊಂದು ಕೈಯಲ್ಲಿ ಸುರುಳಿ ಸುತ್ತಿದ ಪೇಪರ್. "ಎಂತ ಮಾಡ್ತಿದ್ದಿ ಮಾರಾಯ?" ಎಂದರೆ "ಬುದ್ಧಿ ಕಲಿಸ್ತಿದ್ದೇನೆ ದೊಡ್ಡಮ್ಮ" ಎಂದ. ನನಗೆ ಹೊಟ್ಟೆ ಉರಿದು ಹೋಯಿತು.

ಹೀಗೆ ಮಾಡಿದರೆ ಮರಿ ಕಲಿಯುವುದು ನಿಮ್ಮನ್ನು ಕಂಡರೆ ಹೆದರುವುದಕ್ಕೆ. ಮುಂದಿನ ಸಲ ಸೋಫಾದ ಹಿಂದೆ ಹೋಗಿ ಹೊಯ್ಯುತ್ತದೆ, ಅಷ್ಟೇ. ಆಗಿ ಹೋದದ್ದಕ್ಕೆ ಆಮೇಲೆ ಬೈದರೆ ಯಾಕೆ ಬೈದದ್ದೆಂದು ಅದಕ್ಕೆ ತಿಳಿಯುವುದಿಲ್ಲ. ಮೈ ಕುಗ್ಗಿಸಿ ನಿಲ್ಲುತ್ತದಲ್ಲ, ಅದು ಹೆದರಿಕೆ. ತಪ್ಪು ಮಾಡಿದೆ ಎಂಬ ನಾಚಿಕೆ ಅಲ್ಲ.

ಮರಿ ಯಾವಾಗ ಹೊಯ್ಯುತ್ತದೆ ಎಂದು ಹೇಳುವುದು ಕಷ್ಟವೇನಲ್ಲ. ನಿದ್ದೆಯಿಂದ ಎದ್ದ ಕೂಡಲೇ. ಉಂಡ ಮೇಲೆ ಕಾಲು ಗಂಟೆಯ ಒಳಗೆ. ಆಡಿ ಸುಸ್ತಾದಾಗ. ಮಲಗುವ ಮೊದಲು. ಇಷ್ಟು ಹೊತ್ತಿಗೆ ನೀವೇ ಎತ್ತಿಕೊಂಡು ಹೊರಗೆ ಬಿಡಬೇಕು. 2 ತಿಂಗಳ ಮರಿ ಎಚ್ಚರ ಇರುವಾಗ ಎರಡು ಗಂಟೆಗಿಂತ ಜಾಸ್ತಿ ತಡೆಯಲಾರದು, ಎಷ್ಟೋ ಸಲ ಅಷ್ಟೂ ಆಗುವುದಿಲ್ಲ. ರಾತ್ರಿ ಒಮ್ಮೆ ಏಳಲೇಬೇಕು. ನೆಲ ಮೂಸುತ್ತಾ ಒಂದೇ ಕಡೆ ಸುತ್ತು ಹೊಡೆಯಲು ಶುರು ಮಾಡಿದರೆ ಫೋನ್ ಕೆಳಗಿಡಿ. ಹೊತ್ತು ನೋಡದೆ ಕೂತವರು ನೀವು, ಪೆಟ್ಟು ತಿನ್ನುವುದು ಮರಿ. ಇದು ಯಾವ ನ್ಯಾಯ?

ಈಗ ನಮ್ಮ ಅತ್ತೆಯ ಗೋಣಿಯ ಉಪಾಯ ಹೇಳುತ್ತೇನೆ. ನಾನು ಬ್ರಹ್ಮಾವರಕ್ಕೆ ಮದುವೆಯಾಗಿ ಬಂದ ವರ್ಷ, ಆಟಿ ತಿಂಗಳ ಜಡಿಮಳೆಯಲ್ಲಿ ಯಾರೋ ಒಂದು ಕಪ್ಪು ಮರಿಯನ್ನು ಗೇಟಿನ ಹತ್ತಿರ ಬಿಟ್ಟು ಹೋಗಿದ್ದರು. ಆಗೆಲ್ಲ ನಾಯಿ ಎಂದರೆ ಅಂಗಳದ್ದು. ಆದರೆ ಆ ಮಳೆಗೆ ಹೊರಗೆ ಬಿಡುವುದು ಹೇಗೆ? ಚಾವಡಿಯಲ್ಲೇ ಇಟ್ಟುಕೊಂಡೆವು. ಅತ್ತೆಗೆ ಚಾವಡಿಯ ಕಾವಿ ನೆಲ ಎಂದರೆ ಪ್ರಾಣ. ಆದರೂ ಕರಿಯನ ಮೇಲೆ ಒಂದು ದಿನ ಕೈ ಎತ್ತಲಿಲ್ಲ.

ಅಕ್ಕಿಯ ಹಳೇ ಸೆಣಬಿನ ಗೋಣಿ ಒಂದು ಬೇಕು. ಪ್ಲಾಸ್ಟಿಕ್ಕಿನದ್ದು ಆಗುವುದಿಲ್ಲ, ಅದು ಹೀರುವುದಿಲ್ಲ. ಬರೀ ನೀರಿನಲ್ಲಿ ಒಗೆದು ಒಣಗಿಸಿ. ಸೋಪು ತಾಗಿಸಬೇಡಿ, ಸೋಪಿನ ವಾಸನೆ ಉಳಿಯಬಾರದು. ಮರಿ ಮೊದಲ ಸಲ ಒಳಗೆ ಹೊಯ್ದಾಗ ಗೋಣಿಯ ಒಂದು ಮೂಲೆಯನ್ನು ಅದರ ಮೇಲೆ ಒತ್ತಿ ಹಿಡಿಯಿರಿ, ಚೆನ್ನಾಗಿ ಹೀರಲಿ. ತಿಕ್ಕಬೇಡಿ, ಹರಡುತ್ತದೆ. ಆ ಗೋಣಿಯನ್ನು ಹೊರಗೆ, ಮಾಡಿನ ನೀರು ಬೀಳದ ಜಾಗದಲ್ಲಿ, ಮಣ್ಣಿನ ಮೇಲೆ ಹಾಸಿ. ಹೊತ್ತಿಗೆ ಸರಿಯಾಗಿ ಮರಿಯನ್ನು ಅದರ ಮೇಲೆಯೇ ಬಿಡಿ. ತನ್ನದೇ ವಾಸನೆ ಸಿಕ್ಕಿದರೆ ಅದು ಮೂಸುತ್ತದೆ, ಸುತ್ತುತ್ತದೆ, ಹೊಯ್ಯುತ್ತದೆ. ಅಷ್ಟು ಹೊತ್ತು ಸುಮ್ನೆ ನಿಲ್ಲಿ. ಆಟ ಬೇಡ, ಮಾತು ಬೇಡ. ಅತ್ತೆ "ಹೋಗಿ ಬಾ ಮಗಾ" ಎಂದು ಒಂದೇ ಮಾತು ಹೇಳುತ್ತಿದ್ದರು, ಪ್ರತೀ ಸಲ ಅದೇ ಮಾತು. ಮುಗಿದ ಕ್ಷಣ ಅಲ್ಲಿಯೇ ಬೇಯಿಸಿದ ಮೊಟ್ಟೆಯ ಚೂರು, ಉಗುರಿನಷ್ಟು ಸಾಕು. ಒಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಕೊಟ್ಟ ಹಾಗಾಯಿತು.

ಮೂರು ನಾಲ್ಕು ದಿನ ಕಳೆದ ಮೇಲೆ ಗೋಣಿಯನ್ನು ಅರ್ಧಕ್ಕೆ ಮಡಚಿ. ಮತ್ತೆ ಮೂರು ದಿನಕ್ಕೆ ಕಾಲು ಭಾಗ. ಆಮೇಲೆ ಅಂಗೈ ಅಗಲದ ತುಂಡು ಕತ್ತರಿಸಿ, ಮೇಲೆ ಒಂದು ಹಿಡಿ ಮಣ್ಣು ಹಾಕಿ. ಅಷ್ಟರಲ್ಲಿ ಅದರ ಕಾಲಿಗೆ ಮಣ್ಣಿನ ಅಭ್ಯಾಸ ಆಗಿರುತ್ತದೆ. ನಡುವೆ ಗೋಣಿ ತೊಳೆಯಬೇಡಿ. ತೀರಾ ಒದ್ದೆಯಾದರೆ ಬಿಸಿಲಿಗೋ ಗಾಳಿಗೋ ಹಾಕಿ ತನ್ನಿ. ಪೇಪರ್ ಹಾಸುವವರಿಗೆ ನಾನು ಬೇಡ ಎನ್ನುವುದು ಇದಕ್ಕೇ. ಪೇಪರಿನ ಮೇಲೆ ಕಲಿತ ಮರಿ ನಾಳೆ ನೀವು ಓದಿ ನೆಲದ ಮೇಲಿಟ್ಟ ಪೇಪರನ್ನೂ ಬಿಡುವುದಿಲ್ಲ.

ಹಾಗೆಯೇ ಈ ದಿನಗಳಲ್ಲಿ ಮನೆಯೊಳಗೆ ಗೋಣಿಯ ಕಾಲೊರಸು ಒಂದೂ ಇರಬಾರದು.

ಒಳಗೆ ಹೊಯ್ದ ಜಾಗಕ್ಕೆ ಫಿನಾಯಿಲ್ ಸುರಿಯಬೇಡಿ. ನಮ್ಮ ಮೂಗಿಗೆ ವಾಸನೆ ಹೋಯಿತು ಅನಿಸುತ್ತದೆ, ಅದರ ಮೂಗಿಗೆ ಉಚ್ಚೆಯ ವಾಸನೆ ಇದ್ದೇ ಇರುತ್ತದೆ. ಮೇಲಾಗಿ ಮರಿ ಪಾದ ನೆಕ್ಕುತ್ತದೆ, ಫಿನಾಯಿಲ್ ಅದಕ್ಕೆ ವಿಷ. ಟೈಲ್ಸ್ ಆದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರಸಿ. ಕಾವಿ ನೆಲಕ್ಕೂ ಮಾರ್ಬಲ್ಲಿಗೂ ವಿನೆಗರ್ ಬೇಡ, ಹೊಳಪು ಹೋಗುತ್ತದೆ. ಬಟ್ಟೆಯಿಂದ ಹೀರಿಸಿ, ಸೋಪಿನ ನೀರಲ್ಲಿ ಎರಡು ಸಲ ಒರಸಿ.

ಫ್ಲ್ಯಾಟಿನವರು "ನಮಗೆ ಅಂಗಳ ಎಲ್ಲಿ ದೊಡ್ಡಮ್ಮ?" ಎನ್ನುತ್ತೀರಿ. ಬಾಲ್ಕನಿಯಲ್ಲಿ ಅಗಲದ ಟ್ರೇ ಇಟ್ಟು ಮಣ್ಣು ತುಂಬಿ, ಹುಲ್ಲಿನ ಹೆಂಟೆ ಎರಡು ಇಡಿ. ಗೋಣಿ ಅದರ ಮೇಲೆ. ರಸ್ತೆ ಬದಿಗೆ ಮಾತ್ರ ಅವಸರದಲ್ಲಿ ಇಳಿಸಬೇಡಿ. ಪಾರ್ವೋ ಎಂಬ ಭೇದಿ ರೋಗ ಬೇರೆ ನಾಯಿಗಳ ಕಕ್ಕದಿಂದ ಹರಡುತ್ತದೆ, ಮರಿಗಳನ್ನು ಎರಡು ಮೂರು ದಿನದಲ್ಲಿ ಕೊಂಡು ಹೋಗುತ್ತದೆ. 6-8 ವಾರಕ್ಕೆ ಶುರುವಾಗುವ ಇಂಜೆಕ್ಷನ್ 3-4 ವಾರಕ್ಕೊಮ್ಮೆ ಸುಮಾರು 16 ವಾರದ ತನಕ ಉಂಟು. ಅದು ಮುಗಿಯಲಿ.

ಮೊನ್ನೆ ತಂಗಿ ಮಗ ಫೋನ್ ಮಾಡಿದ್ದ. ಗೋಣಿ ಕಾಲು ಭಾಗಕ್ಕೆ ಬಂದಿದೆಯಂತೆ. ಮರಿ ಬಾಲ್ಕನಿಯ ಬಾಗಿಲ ಬಳಿ ಹೋಗಿ ಕೂತು ಇವನನ್ನೇ ನೋಡಿತಂತೆ. "ಎಂತ ಮಾಡಿದೆ?" ಕೇಳಿದೆ. ಒಲೆ ಮೇಲೆ ಒಗ್ಗರಣೆ ಇತ್ತು, ಗ್ಯಾಸ್ ಆರಿಸಿ ಓಡಿದೆ ಎಂದ.