ಪ್ರತಿಭಟನೆಯ ವರದಿ: ಲಾಠಿ ಏಳುವ ಮುಂಚಿನ ಹತ್ತು ನಿಮಿಷ

ಗಲಾಟೆಯ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಇರುತ್ತದೆ. ಸಿಗದೇ ಹೋಗುವುದು ಅದಕ್ಕೂ ಮುಂಚಿನದು. ಕಲ್ಲು ಮೊದಲೋ ಲಾಠಿ ಮೊದಲೋ? ಚದುರಿ ಎಂದು ಪೊಲೀಸರು ಹೇಳಿದರೋ ಇಲ್ಲವೋ? ಹೇಳಿದ್ದರೆ, ಹೋಗಲು ದಾರಿ ಬಿಟ್ಟಿದ್ದರೋ? ವರದಿಗಾರರ ತಯಾರಿಯೆಲ್ಲ ಈ ಪ್ರಶ್ನೆಗಳಿಗಾಗಿಯೇ ಇರಬೇಕು.

ಒಂದು ಗಂಟೆ ಮೊದಲೇ ಹೋಗಿ ಜಾಗ ಸುತ್ತಿ ನೋಡಿ. ಬ್ಯಾರಿಕೇಡ್ ಎಲ್ಲಿವೆ, ಯಾವ ರಸ್ತೆ ತೆರೆದಿದೆ, ಜಲಫಿರಂಗಿ ಯಾವ ಕಡೆಗೆ ಮುಖ ಮಾಡಿದೆ, ಆಂಬುಲೆನ್ಸ್ ಒಳಬರಲು ಜಾಗವಿದೆಯೇ ಎಂದು ಕೈನಕ್ಷೆ ಬರೆದುಕೊಳ್ಳಿ. ನಿಮಗೆ ಹೊರಬರಲು ಎರಡು ದಾರಿ ಗೊತ್ತಿರಲಿ. ಕ್ಯಾಮೆರಾ ಮತ್ತು ಮೊಬೈಲಿನ ಸಮಯ ಸೆಕೆಂಡಿನವರೆಗೂ ಹೊಂದಿಸಿ. ಕ್ಯಾಮೆರಾ ನಾಲ್ಕು ನಿಮಿಷ ಹಿಂದಿದ್ದರೂ ಸಾಕು, ಏಟು ತಿಂದ ಮೇಲೆ ಎಸೆದ ಕಲ್ಲು ಏಟಿಗೆ ಮುಂಚೆಯೇ ಎಸೆದಂತೆ ದಾಖಲಾಗುತ್ತದೆ.

ಪೊಲೀಸರ ಸಾಲಿಗೂ ಜನರಿಗೂ ನಡುವೆ ನಿಲ್ಲಬೇಡಿ. ಪೊಲೀಸರ ಹಿಂದೆಯೇ ನಿಂತರೂ ತಪ್ಪಾಗುತ್ತದೆ: ಅಲ್ಲಿಂದ ಕಾಣುವುದು ಸಿಟ್ಟಿಗೆದ್ದವರ ಮುಖ ಮಾತ್ರ, ಲಾಠಿ ಹಿಡಿದವರದು ಬರೀ ಬೆನ್ನು. ಎರಡೂ ಕಡೆ ಕಾಣುವಂತೆ ಪಕ್ಕದಲ್ಲಿ, ಅಡ್ಡರಸ್ತೆಯ ಮೂಲೆಯಲ್ಲಿ ನಿಲ್ಲಿ.

ಹೆಲ್ಮೆಟ್ ತಲೆಗೇರಿತು, ಗುರಾಣಿ ಮುಂದೆ ಬಂತು, ಗ್ಯಾಸ್ ಮಾಸ್ಕ್ ಹಾಕಿಕೊಂಡರು ಎಂದರೆ ತಡ ಮಾಡದೆ ರೆಕಾರ್ಡಿಂಗ್ ಶುರು ಮಾಡಿ, ನಿಲ್ಲಿಸಬೇಡಿ. ಸಮಯವನ್ನು ಬಾಯಲ್ಲೇ ಹೇಳಿ. ಚದುರುವ ಸೂಚನೆ ಕೊಟ್ಟರೆ ಧ್ವನಿ ಸಹಿತ ಹಿಡಿಯಿರಿ. ಗುಂಪಿನ ಹಿಂದಿದ್ದವರಿಗೆ ಅದು ಕೇಳಿಸಿತೇ ಎಂದು ಆಮೇಲೆ ವಿಚಾರಿಸಿ. ಸೂಚನೆಗೂ ಮೊದಲ ಏಟಿಗೂ ನಡುವೆ ಎಷ್ಟು ಸೆಕೆಂಡು ಎಂಬುದು ಬಹಳ ಮುಖ್ಯ. ಸಭೆಯನ್ನು ಅಕ್ರಮ ಎಂದು ಘೋಷಿಸಿ ಚದುರಿಸಿದರೂ ಪತ್ರಕರ್ತರು ನೋಡಿ ದಾಖಲಿಸುವ ಹಕ್ಕು ಮುಗಿಯುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಏಟಿನ ನಡುವೆ ವಾದಕ್ಕೆ ನಿಲ್ಲಬೇಡಿ. ಗುರುತಿನ ಚೀಟಿ ತೋರಿಸಿ, ಹಿಂದೆ ಸರಿದು ಚಿತ್ರೀಕರಣ ಮುಂದುವರಿಸಿ.

ಅಶ್ರುವಾಯುವಿನಲ್ಲಿ ಸಾಮಾನ್ಯವಾಗಿ ಬಳಸುವ ಸಿಎಸ್ ಎಂಬ ರಾಸಾಯನಿಕ ನಿಜಕ್ಕೂ ಅನಿಲವಲ್ಲ, ನುಣ್ಣನೆಯ ಪುಡಿ; ತಗ್ಗಿನಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಗಾಳಿ ಬೀಸಿ ಬರುವ ಕಡೆಗೆ, ಎತ್ತರಕ್ಕೆ ಸರಿಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹೋಗಬೇಡಿ. ಕಣ್ಣು ಉಜ್ಜದೆ ಧಾರಾಳ ನೀರಿನಿಂದ ತೊಳೆಯಿರಿ. ಶೆಲ್ ಸುಡುತ್ತಿರುತ್ತದೆ, ಮುಟ್ಟಬೇಡಿ. ಅದರ ಮೇಲಿನ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕದ ಫೋಟೊ ತೆಗೆಯಿರಿ. ರಬ್ಬರ್ ಗುಂಡಿನ ಗಾಯವಾದರೆ ದೇಹದ ಯಾವ ಭಾಗಕ್ಕೆ ಎಂದು ಬರೆಯಲೇಬೇಕು. ವಿಶ್ವಸಂಸ್ಥೆಯ 2020ರ ಮಾರ್ಗಸೂಚಿಯಂತೆ ಅದನ್ನು ಹಿಂಸೆಗಿಳಿದ ವ್ಯಕ್ತಿಯ ಕೆಳಹೊಟ್ಟೆಗೆ ಅಥವಾ ಕಾಲಿಗೆ ಗುರಿಯಿಡಬೇಕು. ತಲೆ, ಕಣ್ಣಿಗೆ ಪೆಟ್ಟು ಬಿದ್ದಿದ್ದರೆ ಅದೇ ದೊಡ್ಡ ಸುದ್ದಿ.

ಸೇರಿದ ಜನರ ಸಂಖ್ಯೆಗೆ ಸಂಘಟಕರ ಲೆಕ್ಕವನ್ನೂ ನಂಬಬೇಡಿ, ಪೊಲೀಸರದನ್ನೂ ನಂಬಬೇಡಿ. 100 ಮೀಟರ್ ಉದ್ದ, 20 ಮೀಟರ್ ಅಗಲದ ರಸ್ತೆ ಎಂದರೆ 2,000 ಚದರ ಮೀಟರ್. ಕೈಯಳತೆ ದೂರದಲ್ಲಿ ನಿಂತಿದ್ದರೆ ಚದರ ಮೀಟರಿಗೆ ಒಬ್ಬರು, ಒತ್ತಾಗಿದ್ದರೆ ಸುಮಾರು ಎರಡೂವರೆ. ವೇದಿಕೆಯ ಮುಂದಿನ ದಟ್ಟಣೆಯನ್ನು ಇಡೀ ರಸ್ತೆಗೆ ಗುಣಿಸುವುದರಿಂದಲೇ ಲೆಕ್ಕ ಕೆಡುವುದು. ಎರಡು ಮೂರು ಭಾಗ ಮಾಡಿ, ಬೇರೆ ಬೇರೆ ಎಣಿಸಿ ಕೂಡಿಸಿ.

ಬರೆಯಲು ಕೂತಾಗ 'ಘರ್ಷಣೆ ಸಂಭವಿಸಿತು' ಎನ್ನಬೇಡಿ; ಯಾರು ಯಾರಿಗೆ ಏನು ಮಾಡಿದರು ಎಂದು ಬರೆಯಿರಿ. 'ಲಘು ಲಾಠಿ ಪ್ರಹಾರ' ಎಂಬುದು ಹೊಡೆದವರ ವಿವರಣೆ. ಎಷ್ಟು ಜನರಿಗೆ ಪೆಟ್ಟಾಯಿತು, ಎಷ್ಟು ಮೂಳೆ ಮುರಿಯಿತು ಎಂದು ಆಸ್ಪತ್ರೆಯಲ್ಲಿ ಕೇಳಿ ಹೇಳಿ. ಜನ ಬೀದಿಗಿಳಿದದ್ದು ಯಾವ ಬೇಡಿಕೆಗೆ ಎಂಬುದು ಮೊದಲ ಪ್ಯಾರಾದಲ್ಲೇ ಬರಲಿ. ಮುರಿದ ಗಾಜು, ಟ್ರಾಫಿಕ್ ಜಾಮ್ ಆಮೇಲೆ.

ಮೂಲ ವಿಡಿಯೊ ಕತ್ತರಿಸದೆ ಎರಡು ಕಡೆ ಉಳಿಸಿಡಿ. ಪ್ರಕಟಿಸುವ ಪ್ರತಿಯಲ್ಲಿ ಫೈಲಿನೊಳಗೆ ತಾನಾಗಿ ದಾಖಲಾದ ಸ್ಥಳದ ಮಾಹಿತಿ ತೆಗೆದುಹಾಕಿ, ಕೇಸು ಬೀಳುವ ಭಯವಿರುವವರ ಮುಖ ಮಸುಕು ಮಾಡಿ. ಹಾಗೆ ಕೇಳಿಕೊಂಡವರ ಕೋರಿಕೆಯನ್ನು ಯಾವ ಡೆಡ್‌ಲೈನಿಗೂ ಬಲಿ ಕೊಡಬೇಡಿ.