ಫ್ಲಾಟಿನಲ್ಲಿ ಹೊಸ ಅಕ್ಕಿ ಊಟ

ಮಂಗಳೂರು ಕಡೆಯ ನಮ್ಮಂಥ ಕೊಂಕಣಿ ಕ್ಯಾಥೊಲಿಕರಿಗೆ ಸೆಪ್ಟೆಂಬರ್ 8 ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ಬೆಳೆಗೆ ದೇವರಿಗೆ ಥ್ಯಾಂಕ್ಸ್ ಹೇಳುವ ದಿನವೂ ಹೌದು. ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೊವಾಕಿಂ ಮಿರಾಂದಾ ಇದನ್ನು ಶುರು ಮಾಡಿದರು ಎನ್ನುತ್ತಾರೆ.

ನಾವೀಗ ಬೆಂಗಳೂರಿನಲ್ಲಿದ್ದೇವೆ. ಗದ್ದೆ ಇಲ್ಲ, ಬಾಲ್ಕನಿ ಇದೆ! ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಫಾದರ್ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ಒಂದೋ ಎರಡೋ ಕೊಡುತ್ತಾರೆ. ಅದನ್ನು ಮನೆಯ ಅಲ್ತಾರಿನ (ದೇವರ ಪೀಠದ) ಮುಂದಿಟ್ಟು ಮೇಣದಬತ್ತಿ ಹಚ್ಚುತ್ತೇವೆ. ಮಳೆಗಾಲ ಅಲ್ವಾ, ತೆನೆ ಹಸಿಯಾಗಿಯೇ ಇರುತ್ತದೆ. ಕಾಳನ್ನು ತವೆಯ ಮೇಲೆ ಸ್ವಲ್ಪ ಬಿಸಿ ಮಾಡಿದರೆ ಸಿಪ್ಪೆ ಬೇಗ ಬಿಡುತ್ತದೆ. ಅಂಗೈಯಲ್ಲಿ ತಿಕ್ಕಿ, ಊದಿ, ಚಿಕ್ಕ ಕುಟ್ಟಾಣಿಯಲ್ಲಿ ಪುಡಿ ಮಾಡುತ್ತೇನೆ. ಮಿಕ್ಸಿಗೆ ಹಾಕಬೇಡಿ, ಅಷ್ಟು ಕಡಿಮೆ ಕಾಳು ಬ್ಲೇಡಿಗೆ ಸಿಗುವುದಿಲ್ಲ. ಆ ಪುಡಿ ತೆಂಗಿನ ಹಾಲು, ಬೆಲ್ಲ, ಹೆಸರುಬೇಳೆಯ ಪಾಯಸಕ್ಕೆ ಸೇರುತ್ತದೆ.

ಅವತ್ತು ಮೀನು, ಮಾಂಸ ಇಲ್ಲ. ಬಾಳೆ ಎಲೆಯ ಮೇಲೆ ತರಕಾರಿ ಪದಾರ್ಥಗಳು ಬೆಸ ಸಂಖ್ಯೆಯಲ್ಲೇ ಇರಬೇಕು. ಮೂರು, ಐದು, ಏಳು, ಎಷ್ಟಾಗುತ್ತದೋ ಅಷ್ಟು. ನಾನು ಐದಕ್ಕೆ ನಿಲ್ಲಿಸುತ್ತೇನೆ. ಕೆಸುವಿನ ದಂಟು ಮಾತ್ರ ಬೇಕೇ ಬೇಕು, ಅದಕ್ಕೆ ಹುಡುಕಾಟ ಜಾಸ್ತಿ.

ಪ್ರಾರ್ಥನೆ ಹೇಳಿಸುವುದು ಅತ್ತೆ. ಮೊದಲು ಅವರು ಪಾಯಸ ತೆಗೆದುಕೊಳ್ಳುತ್ತಾರೆ, ಆಮೇಲೆ ವಯಸ್ಸಿನ ಪ್ರಕಾರ ಉಳಿದವರು. ಇಲ್ಲಿಗೆ ಬಂದ ಮೇಲೆ ನಾವು ಸೇರಿಸಿದ್ದು ಒಂದೇ. ಪಾಯಸಕ್ಕೆ ಮುಂಚೆ, ಈ ವರ್ಷ ಸಿಕ್ಕಿದ ಒಂದೊಂದು ವಸ್ತುವಿನ ಹೆಸರು ಹೇಳಿ ಪ್ರತಿಯೊಬ್ಬರೂ ದೇವರಿಗೆ ಥ್ಯಾಂಕ್ಸ್ ಹೇಳಬೇಕು. ‘ಎಲ್ಲದಕ್ಕೂ’ ಅಂದರೆ ಒಪ್ಪುವುದಿಲ್ಲ. ಸುಮ್ನೆ ಹೇಳಿದ ಹಾಗಾಗುತ್ತದೆ.

ಗಂಡ ಹೊಸ ವಾಷಿಂಗ್ ಮೆಷಿನ್ ಹೆಸರು ಹೇಳಿದಾಗ ಅತ್ತೆಗೆ ಸರಿ ಕಾಣಲಿಲ್ಲ.

“ದೇವರ ಹತ್ರ ಮೆಷಿನ್ ವಿಷಯ ಹೇಳ್ತಾರಾ?”

“ಯಾಕಮ್ಮಾ, ನಿಮ್ಮ ಕಾಲದಲ್ಲಿ ಎತ್ತಿನ ವಿಷಯ ಹೇಳ್ತಿರಲಿಲ್ವಾ?” ಅಂದರು ಇವರು.

ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, ತಮ್ಮ ಹೊಸ ಕನ್ನಡಕದ ಹೆಸರು ಹೇಳಿದರು. ಮಗಳು ಮಾತ್ರ ಹಾಸ್ಟೆಲಿನಿಂದ ಫೋನಿನಲ್ಲಿ, ಫ್ಯಾನ್ ಕೆಳಗಿನ ಮಂಚ ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಅಂದಳು. ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಪ್ರಾಮಾಣಿಕ.

ದೂರ ಇರುವವರಿಗೂ ಪಾಲು ಉಂಟು. ಊರಿನಲ್ಲಿ ಅಮ್ಮ ಒಣಗಿದ ಕಾಳನ್ನು ಲಕೋಟೆಯಲ್ಲಿ ಹಾಕಿ ಗಲ್ಫಿನಲ್ಲಿದ್ದ ಅಪ್ಪನಿಗೆ ಕಳಿಸುತ್ತಿದ್ದರು. ನಾನೂ ಮಗಳಿಗೆ ಹಾಗೇ ಕಳಿಸುತ್ತೇನೆ. ಲಕೋಟೆಗೆ ಹಾಕುವ ಮುಂಚೆ ಕಾಳು ಚೆನ್ನಾಗಿ ಒಣಗಿರಲಿ, ಇಲ್ಲದಿದ್ದರೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಹಾಸ್ಟೆಲಿನ ಹಾಲಿಗೆ ನಾಲ್ಕು ಕಾಳು ಜಜ್ಜಿ ಹಾಕಿಕೊಂಡರೆ ಸಾಕು.